ಊದುವ ಟೆಸ್ಟ್ ಈಗಲೇ ಬೇಕೇ? ಸಾಂಕ್ರಾಮಿಕದ ದಿನಗಳಲ್ಲಿ ಶ್ವಾಸಕೋಶ ಪರೀಕ್ಷೆಯ ಆಯ್ಕೆಗಳು

"ಡಾಕ್ಟ್ರು ಪಿಎಫ್‌ಟಿ ಬರೆದುಕೊಟ್ಟಿದ್ದಾರೆ ಮೇಡಂ, ಊರಲ್ಲಿ ನೋಡಿದ್ರೆ ಮತ್ತೆ ಕೇಸ್ ಜಾಸ್ತಿ ಆಗ್ತಿವೆ. ಬರೋದಾ ಬೇಡ್ವಾ?"

2020ರಿಂದೀಚೆಗೆ ಫೋನಿನಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದು. ಪಿಎಫ್‌ಟಿ ಎಂದರೆ ಮಷಿನ್ನಿಗೆ ಊದಿಸಿ ಶ್ವಾಸಕೋಶ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅಳೆಯುವ ಪರೀಕ್ಷೆ. ಅಸ್ತಮಾ ಇರುವ ಹುಡುಗಿಯ ತಾಯಿ ಕೇಳಿದ್ದಾರೆ. ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್ ಕಾಯಿಲೆಯ ತಂದೆಯನ್ನು ನೋಡಿಕೊಳ್ಳುವ ಮಗ ಕೇಳಿದ್ದಾನೆ. ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತು, ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಅಜ್ಜಿಯ ಮೊಮ್ಮಗಳು ಕೇಳಿದ್ದಾಳೆ. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಬೇರೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನಾನು ಪಿಎಫ್‌ಟಿ ರೂಮಿನಲ್ಲಿ ಜನರಿಂದ ಊದಿಸುವ ಟೆಕ್ನಿಷಿಯನ್. ಔಷಧಿ ಬರೆಯುವುದು ನನ್ನ ಕೆಲಸವಲ್ಲ, ಕೊನೆಯ ಮಾತು ನಿಮ್ಮ ವೈದ್ಯರದೇ. ಆದರೆ ಯಾವ ಪರೀಕ್ಷೆ ಏನು ಹೇಳುತ್ತದೆ, ಯಾವುದರಲ್ಲಿ ಕೆಮ್ಮು ಬರುತ್ತದೆ, ಯಾವ ಅಂಕಿಯನ್ನು ನಂಬಬಾರದು ಎಂಬುದು ದಿನವೂ ನನ್ನ ಕಣ್ಣೆದುರಿಗೇ ನಡೆಯುತ್ತದೆ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಅದೇ ತಿಂಗಳು ನಮ್ಮ ರೂಮಿಗೂ ಬೀಗ ಬಿತ್ತು. ಅಮೆರಿಕದ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು ಆಗ ಹೇಳಿದ್ದು ಒಂದೇ ಮಾತು: ಚಿಕಿತ್ಸೆಯ ನಿರ್ಧಾರಕ್ಕೆ ತುರ್ತಾಗಿ ಬೇಕಾದದ್ದನ್ನು ಮಾತ್ರ ಮಾಡಿ, ಉಳಿದದ್ದನ್ನು ಮುಂದೂಡಿ.

ಮೊದಲು ಅಳತೆಗೋಲು

ಮಷಿನ್ ಯಾವುದು ಎಂದು ಕೇಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಅಂಕಿ ಬಂದರೆ ನಾಳೆ ಔಷಧಿಯೋ ಆಪರೇಷನ್ನೋ ಬದಲಾಗುತ್ತದೆಯೇ? ಇಲ್ಲ ಎಂದಾದರೆ ಅತಿ ಸುರಕ್ಷಿತವಾದ ರೂಮಿಗೂ ಹೋಗುವ ಅಗತ್ಯವಿಲ್ಲ. ಹೌದು ಎಂದಾದರೆ ಮುಂದೂಡುವುದೇ ಅಪಾಯ. ನನ್ನ ಮಟ್ಟಿಗೆ ಉಳಿದ ಲೆಕ್ಕವೆಲ್ಲ ಇದರ ನಂತರದ್ದು.

ಆಮೇಲೆ ನೋಡಬೇಕಾದದ್ದು ನಾಲ್ಕು. ಪರೀಕ್ಷೆ ಎಷ್ಟು ಕೆಮ್ಮು ತರಿಸುತ್ತದೆ. ಆ ಕೆಮ್ಮು ಯಾವ ಗಾಳಿಗೆ ಸೇರುತ್ತದೆ. ಬಂದ ಅಂಕಿ ನಿಮ್ಮ ಕಾಯಿಲೆಯ ಪ್ರಶ್ನೆಗೆ ಉತ್ತರ ಕೊಡುತ್ತದೆಯೇ. ಮತ್ತೆ ಖರ್ಚು. ಖರ್ಚು ಎಂದರೆ ಬಿಲ್ಲು ಮಾತ್ರವಲ್ಲ, ಬಸ್ಸಿನಲ್ಲಿ ಮೂರು ಗಂಟೆ ಕೂತು ಬರುವುದು, ಜೊತೆಗೆ ಬರುವವರ ಒಂದು ದಿನದ ಕೂಲಿ ಹೋಗುವುದು ಎಲ್ಲವೂ ಅದರಲ್ಲಿ ಸೇರುತ್ತದೆ.

ಅಪಾಯ ಎಲ್ಲಿದೆ ಎಂಬ ಬಗ್ಗೆ ಹೆಚ್ಚಿನವರ ಕಲ್ಪನೆ ಬೇರೆಯೇ ಇರುತ್ತದೆ. "ಅದೇ ಪೈಪಿಗೆ ಎಷ್ಟು ಜನ ಬಾಯಿ ಹಾಕಿರ್ತಾರೋ" ಎಂದು ಹೆದರುತ್ತಾರೆ. ಪ್ರತಿಯೊಬ್ಬರಿಗೂ ಹೊಸ ಬ್ಯಾಕ್ಟೀರಿಯಾ-ವೈರಸ್ ಫಿಲ್ಟರ್ ಹಾಕಿದರೆ ಪೈಪಿನ ಕಡೆಯಿಂದ ಬರುವ ಅಪಾಯ ಬಹಳ ಮಟ್ಟಿಗೆ ನೀಗುತ್ತದೆ. ಉಳಿಯುವುದು ಬೇರೆ ಮೂರು. ಜೋರಾಗಿ ಊದಿ ಮುಗಿಸಿ ತುಟಿ ತೆಗೆದ ಕ್ಷಣ ಬರುವ ಕೆಮ್ಮು ಒಂದು. ಹೊರಗೆ ಒಂದೇ ಬೆಂಚಿನ ಮೇಲೆ ಒಬ್ಬರ ಮೈಗೊಬ್ಬರು ತಾಗುವಂತೆ ಕಾಯುವುದು ಇನ್ನೊಂದು. ಮೂರನೆಯದು ನನ್ನಂಥವರ ಗಂಟಲು. "ಬಿಡಿ, ಬಿಡಿ, ಬಿಡಿ, ಇನ್ನೂ ಇನ್ನೂ ಇನ್ನೂ" ಎಂದು ದಿನವಿಡೀ ಕೂಗುವ ನಾವು, ಜೋರು ಮಾತಿನಿಂದಲೂ ಸಣ್ಣ ಹನಿಗಳು ಹಾರುತ್ತವೆ ಎಂಬುದನ್ನು ಯೋಚಿಸಿಯೇ ಇರಲಿಲ್ಲ. ಮೊದಲ ಅಲೆಗೆ ಮುಂಚಿನ ಆ ಕೆಲವು ವಾರ ನಾನು ಮಾಸ್ಕನ್ನು ಗಲ್ಲಕ್ಕಿಳಿಸಿಕೊಂಡು ಕೂಗುತ್ತಿದ್ದೆ. ಆಗ ನನ್ನ ಎದುರು ಕೂತಿದ್ದವರೆಲ್ಲ ಮೊದಲೇ ಉಸಿರಿಗೆ ಕಷ್ಟಪಡುತ್ತಿದ್ದವರು. ಅದು ನೆನಪಾದಾಗ ಇಂದಿಗೂ ಮನಸ್ಸು ಹಿಂಡುತ್ತದೆ.

ಮುಂದೂಡುವುದು

ಖರ್ಚಿಲ್ಲ, ಸೋಂಕಿನ ಭಯವೂ ಇಲ್ಲ. ಇನ್‌ಹೇಲರ್‌ನಲ್ಲಿ ಚೆನ್ನಾಗಿರುವ ಅಸ್ತಮಾದವರ ವಾರ್ಷಿಕ ಚೆಕಪ್ಪು, ನೌಕರಿಗೆ ಬೇಕಾದ ಫಿಟ್ನೆಸ್ ಸರ್ಟಿಫಿಕೇಟು, "ಒಂದ್ಸಲ ನೋಡಿಬಿಡೋಣ" ಎನ್ನುವ ಟೆಸ್ಟು, ಇವು ಅಲೆ ಇಳಿಯುವವರೆಗೆ ಕಾಯಬಹುದು. ಕೋವಿಡ್ ಆಗಿ ಎದ್ದವರೂ ಕನಿಷ್ಠ ಒಂದು ತಿಂಗಳು ಕಾಯುವುದು ಒಳ್ಳೆಯದು. ಬೇಗ ಊದಿಸಿದರೆ ಬರುವ ಕೆಟ್ಟ ಅಂಕಿ ಉಳಿದುಹೋಗುವ ಹಾನಿಯನ್ನು ತೋರಿಸುತ್ತಿದೆಯೋ, ಇನ್ನೂ ಮಾಯುತ್ತಿರುವ ಗಾಯವನ್ನೋ ಹೇಳಲಾಗುವುದಿಲ್ಲ.

ಆದರೆ ಮುಂದೂಡುವುದಕ್ಕೂ ಒಂದು ಬೆಲೆ ಇದೆ. ಪರೀಕ್ಷೆಯೇ ಇಲ್ಲದೆ "ದಮ್ಮು" ಎಂದು ಮಾತ್ರೆ ನುಂಗುತ್ತಾ ಎರಡು ವರ್ಷ ಕಳೆದವರನ್ನು ನಾನು ನೋಡಿದ್ದೇನೆ. ಆ ದಮ್ಮು ಸಿಒಪಿಡಿಯೋ (ಉಸಿರುನಾಳ ಕಟ್ಟಿ ಬಹುಕಾಲ ಕಾಡುವ ಕಾಯಿಲೆ), ಅಸ್ತಮಾವೋ, ಹೃದಯದ ತೊಂದರೆಯೋ ಯಾರಿಗೂ ಗೊತ್ತಿರಲಿಲ್ಲ. ಭಾರತದಲ್ಲಿ ಸಿಒಪಿಡಿ ಇರುವವರು ಸುಮಾರು 5.5 ಕೋಟಿ ಎಂಬುದು 2016ರ ಅಂದಾಜು. ಇವರಲ್ಲಿ ಒಂದು ಬೀಡಿಯನ್ನೂ ಸೇದದೆ ಅಡುಗೆಮನೆಯ ಹೊಗೆ ಕುಡಿದ ಹೆಂಗಸರು ಬಹಳ. ಮನೆಯಲ್ಲಿ ಟೆಸ್ಟು ಮುಂದಕ್ಕೆ ಹೋಗುವುದೂ ಮೊದಲು ಅವರದೇ. ಆದ್ದರಿಂದ ಮುಂದೂಡುವಾಗ ಒಂದು ತಾರೀಕು ಬರೆದೇ ಮುಂದೂಡಿ. "ಆಮೇಲೆ ನೋಡೋಣ" ಎಂದರೆ ಅದು ಮತ್ತೆ ನೆನಪಾಗುವುದು ಐಸಿಯುವಿನಲ್ಲಿ.

ಆಸ್ಪತ್ರೆಯ ಸ್ಪೈರೋಮೆಟ್ರಿ

ಚಿನ್ನದ ಬೆಲೆಯ ಅಂಕಿ ಸಿಗುವುದು ಇಲ್ಲೇ. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರೆಳೆದು, ಒಮ್ಮೆಗೇ ಸ್ಫೋಟಿಸುವಂತೆ ಬಿಟ್ಟು, ಖಾಲಿಯಾಗುವವರೆಗೂ ಊದುತ್ತಲೇ ಇರಬೇಕು. ಮೊದಲ ಸೆಕೆಂಡಿನಲ್ಲಿ ಹೊರಬಂದದ್ದೆಷ್ಟು, ಒಟ್ಟು ಬಂದದ್ದೆಷ್ಟು, ಇವೆರಡರ ಅನುಪಾತವೇ ಉಸಿರುನಾಳ ಕಟ್ಟಿದೆಯೇ ಎಂದು ಹೇಳುವುದು. ನಾಳ ಸಡಿಲಿಸುವ ಔಷಧಿ ಕೊಟ್ಟ ಮೇಲೂ ಅದು 0.70ಕ್ಕಿಂತ ಕಡಿಮೆ ಇದ್ದರೆ ಸಿಒಪಿಡಿ ಕಡೆಗೆ ಬೊಟ್ಟು. ಸರಿಯಾದ ಮೂರು ಊದು ಬೇಕು, ಅವುಗಳಲ್ಲಿ ದೊಡ್ಡವೆರಡು ವಯಸ್ಕರಲ್ಲಿ 150 ಮಿಲಿಲೀಟರ್ ಒಳಗೆ ಹೊಂದಬೇಕು. ಹೊಂದದಿದ್ದರೆ ಮತ್ತೆ ಊದಿಸುತ್ತೇವೆ, ಎಂಟು ಸಲದವರೆಗೂ. ಅಂದರೆ ಟೆಸ್ಟು ಸರಿಯಾಗಿ ಮಾಡಿದಷ್ಟೂ ಕೆಮ್ಮಿನ ಅವಕಾಶ ಹೆಚ್ಚು. ಈ ಪರೀಕ್ಷೆಯ ಒಳಗಿನ ಎಳೆದಾಟವೇ ಅದು.

ಅದನ್ನು ಸಂಭಾಳಿಸುವ ದಾರಿಗಳಿವೆ. ಒಂದು, ಫಿಲ್ಟರ್. ನಿಮಿಷಕ್ಕೆ 600ರಿಂದ 700 ಲೀಟರ್ ವೇಗದ ಗಾಳಿಯಲ್ಲೂ ಕೆಲಸ ಮಾಡುವುದು ಎಂದು ಪರೀಕ್ಷಿಸಿದ ಫಿಲ್ಟರೇ ಆಗಬೇಕು. ಬರೀ ರಟ್ಟಿನ ಮೌತ್‌ಪೀಸ್ ಹೊಸದಾಗಿದ್ದರೆ ಸಾಲದು, ಅದು ಒಂದು ಕೊಳವೆ ಅಷ್ಟೇ. ಎರಡು, ಕೆಮ್ಮು. ಕೆಮ್ಮು ಬಂದರೆ ಪೈಪಿನಿಂದ ಬಾಯಿ ತೆಗೆಯದೆ ಫಿಲ್ಟರ್ ಒಳಕ್ಕೇ ಕೆಮ್ಮಿ ಎಂದು ನಾನು ಮುಂಚೆಯೇ ಹೇಳಿಕೊಡುತ್ತೇನೆ. ಎರಡು ನಿಮಿಷದ ಈ ಪಾಠಕ್ಕೆ ಕಾಸು ಬೇಡ. ಮೂರು, ಕೂರುವ ಜಾಗ. ಟೆಕ್ನಿಷಿಯನ್ ಎದುರಿಗಲ್ಲ, ಪಕ್ಕಕ್ಕೆ ಇರಬೇಕು, ಎನ್95 ಮೂಗಿನ ಮೇಲೇ ಇರಬೇಕು.

ನಾಲ್ಕನೆಯದು ಗಾಳಿ. ಎಲ್ಲರೂ ಮರೆಯುವುದು ಇದನ್ನೇ. ಗಂಟೆಗೆ 6 ಬಾರಿ ಗಾಳಿ ಬದಲಾಗುವ ರೂಮಿನಲ್ಲಿ ತೇಲುವ ಕಣಗಳ ನೂರಕ್ಕೆ 99 ಭಾಗ ಹೋಗಲು 46 ನಿಮಿಷ ಬೇಕು. 12 ಬಾರಿ ಬದಲಾದರೆ 23 ನಿಮಿಷ ಸಾಕು. ಉದ್ದ, ಅಗಲ, ಎತ್ತರ ತಲಾ 10 ಅಡಿ ಇರುವ ರೂಮಿನಲ್ಲಿ ಗಂಟೆಗೆ 12 ಬಾರಿ ಎಂದರೆ ನಿಮಿಷಕ್ಕೆ 200 ಘನ ಅಡಿ ಗಾಳಿ ಹೊರಹೋಗಬೇಕು. ಸರಿಯಾದ ಕಡೆ ಕೂರಿಸಿದ ಎಕ್ಸಾಸ್ಟ್ ಫ್ಯಾನಿಗೆ ಇದು ದೊಡ್ಡ ಕೆಲಸವಲ್ಲ. ಗೋಡೆಗೆ ಹಾಕುವ ಎಸಿ ಮಾತ್ರ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ಕಿಟಕಿ ಮುಚ್ಚಿ ಎಸಿ ಹಾಕಿದ ಪಿಎಫ್‌ಟಿ ರೂಮು ನೋಡಲು ಅಚ್ಚುಕಟ್ಟು, ಆದರೆ ಇಡೀ ಆಸ್ಪತ್ರೆಯಲ್ಲಿ ನಾನು ಹೆಚ್ಚು ಹೆದರುವ ಜಾಗ ಅದು.

ಸಣ್ಣ ಕ್ಲಿನಿಕ್ ನಡೆಸುವ ವೈದ್ಯರೂ ಓದುತ್ತಿರಬಹುದು, ಅವರಿಗೆ ಒಂದು ಮಾತು. ಕೈಯಲ್ಲಿ ಕಡಿಮೆ ದುಡ್ಡಿದ್ದರೆ ಮೊದಲು ಫಿಲ್ಟರಿಗೆ, ಆಮೇಲೆ ಎಕ್ಸಾಸ್ಟ್ ಫ್ಯಾನಿಗೆ, ಆಮೇಲೆ ಎನ್95ಗೆ ಖರ್ಚು ಮಾಡಿ. ಮೈತುಂಬ ಪಿಪಿಇ ಹಾಕಿಸಿ ಫಿಲ್ಟರ್ ಉಳಿಸುವ ಲೆಕ್ಕ ನಾನು ನೋಡಿದ್ದೇನೆ, ಅದು ತಲೆಕೆಳಗಾದ ಉಳಿತಾಯ. ಅಪಾಯಿಂಟ್‌ಮೆಂಟ್ ದೂರ ದೂರ ಕೊಡಿ, ಕಾಯುವವರನ್ನು ಹೊರಗಿನ ನೆರಳಲ್ಲಿ ಕೂರಿಸಿ. ಫಿಲ್ಟರ್ ಹಾಕಿದ ಮೇಲೆ 3 ಲೀಟರಿನ ಸಿರಿಂಜಿನಿಂದ ಮಷಿನನ್ನು ಫಿಲ್ಟರ್ ಸಮೇತವೇ ಕ್ಯಾಲಿಬ್ರೇಟ್ ಮಾಡಿ. ಔಷಧಿ ಕೊಟ್ಟು ಮತ್ತೆ ಊದಿಸುವಾಗ ನೆಬ್ಯುಲೈಸರ್ ಬೇಡ, ಸಾಲ್ಬುಟಮಾಲ್ ಪಂಪನ್ನು ಸ್ಪೇಸರ್ (ಪಂಪಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಜೊತೆ ಕೊಡಿ. ಮಧ್ಯದ 15 ನಿಮಿಷ ಅವರು ಹೊರಗೆ ಕೂರಲಿ.

ಇಷ್ಟೆಲ್ಲ ಇದ್ದರೂ ಕೆಲವರು ಊದಲೇಬಾರದು. ಜ್ವರ, ಹೊಸ ಕೆಮ್ಮು, ಗಂಟಲು ನೋವು ಇರುವವರು. ಕಫದಲ್ಲಿ ರಕ್ತ ಬರುತ್ತಿರುವವರು. ಕ್ಷಯ ಇರಬಹುದೆಂಬ ಅನುಮಾನವಿದ್ದು ಕಫದ ರಿಪೋರ್ಟ್ ಬರದವರು. ಈಚೆಗೆ ಹೃದಯಾಘಾತವಾದವರು, ಕಣ್ಣಿನ ಆಪರೇಷನ್ ಆದವರು. ಕ್ಷಯದ ಮಾತನ್ನು ಒತ್ತಿ ಹೇಳುತ್ತೇನೆ. ಕೋವಿಡ್ ಅಲೆ ಬರುತ್ತದೆ, ಹೋಗುತ್ತದೆ. ಕ್ಷಯ ನಮ್ಮ ನಡುವೆ ಸದಾ ಇದೆ, ಅದು ಹರಡುವುದೂ ಗಾಳಿಯಿಂದಲೇ.

ಮನೆಯಲ್ಲೇ: ಪೀಕ್ ಫ್ಲೋ ಮೀಟರ್

ಪ್ಲಾಸ್ಟಿಕ್ಕಿನ ಕೊಳವೆ, ಅದರಲ್ಲೊಂದು ಮುಳ್ಳು, ಬ್ಯಾಟರಿ ಇಲ್ಲ, ಮೆಡಿಕಲ್ ಶಾಪಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಸ್ತಮಾದವರಿಗೆ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಉಪಕಾರ ಮಾಡುವ ಇನ್ನೊಂದು ಸಾಧನ ನನಗೆ ಗೊತ್ತಿಲ್ಲ. ಬೆಳಿಗ್ಗೆ ಸಂಜೆ ನಿಂತುಕೊಂಡು ಮೂರು ಸಲ ಚಿಕ್ಕದಾಗಿ, ಜೋರಾಗಿ ಊದಿ, ದೊಡ್ಡದನ್ನು ಬರೆದಿಡಿ. ಚೆನ್ನಾಗಿದ್ದಾಗ ನಿಮ್ಮ ಅತ್ಯುತ್ತಮ ಅಂಕಿ 400 ಎಂದುಕೊಳ್ಳಿ. 320ರ ಮೇಲಿದ್ದರೆ ಹಸಿರು. 200ರಿಂದ 320 ಹಳದಿ, ಡಾಕ್ಟರು ಬರೆದುಕೊಟ್ಟಂತೆ ಔಷಧಿ ಏರಿಸಬೇಕು. 200ಕ್ಕಿಂತ ಕೆಳಗೆ ಕೆಂಪು, ಪಂಪು ತೆಗೆದುಕೊಂಡು ಆಸ್ಪತ್ರೆಗೆ ಹೊರಡಬೇಕು. ಆಗ ಅಲೆಯ ಲೆಕ್ಕ ನೋಡಬಾರದು.

ಇದರ ಮಿತಿಯೂ ದೊಡ್ಡದೇ. ಉಸಿರಿನ ಮೊದಲ ಏಟು ಎಷ್ಟು ಜೋರಾಗಿತ್ತು ಎಂಬುದನ್ನಷ್ಟೇ ಇದು ಹೇಳುತ್ತದೆ. ಫೈಬ್ರೋಸಿಸ್‌ನಲ್ಲಿ ಶ್ವಾಸಕೋಶ ಕುಗ್ಗುತ್ತಿದ್ದರೂ ಪೀಕ್ ಫ್ಲೋ ಚೆನ್ನಾಗಿಯೇ ಬರಬಹುದು. ಆ ಕಾಯಿಲೆಗೆ ಇದನ್ನು ಕೊಂಡು ಸಮಾಧಾನ ಪಟ್ಟುಕೊಳ್ಳಬೇಡಿ. ಆರಂಭದ ಸಿಒಪಿಡಿ ಇದರ ಕಣ್ಣಿಗೆ ಬೀಳದೆಯೂ ಹೋಗಬಹುದು. ಇನ್ನೊಂದು: ಒಬ್ಬರದು ಒಬ್ಬರಿಗೇ. ಫಿಲ್ಟರಿಲ್ಲದ ಕೊಳವೆಯನ್ನು ಅಕ್ಕ ತಮ್ಮ ಇಬ್ಬರೂ ಊದಬಾರದು. ಊದುವಾಗ ಕಿಟಕಿ ಪಕ್ಕ ಒಬ್ಬರೇ ಇರಿ.

ಮನೆಯ ಸ್ಪೈರೋಮೀಟರ್

ಅಂಗೈಯಗಲದ ಡಿಜಿಟಲ್ ಮಷಿನ್, ಮೊಬೈಲಿಗೆ ಸೇರಿಸಿಕೊಂಡರೆ ಗ್ರಾಫು ಸಹ ತೋರಿಸುತ್ತದೆ. ಬೆಲೆ ಹಲವು ಸಾವಿರ. ಯಾರಿಗೆ ಬೇಕು? ತಿಂಗಳು ತಿಂಗಳು ಏರಿಳಿತ ಗೊತ್ತಾಗಲೇಬೇಕಾದವರಿಗೆ, ಅಂದರೆ ಫೈಬ್ರೋಸಿಸ್ ಔಷಧಿಯಲ್ಲಿರುವವರಿಗೆ, ಶ್ವಾಸಕೋಶ ಕಸಿ ಆದವರಿಗೆ. ಫೈಬ್ರೋಸಿಸ್‌ನಲ್ಲಿ ಒಟ್ಟು ಉಸಿರಿನ ಪ್ರಮಾಣ ನೂರಕ್ಕೆ ಹತ್ತು ಇಳಿದರೆ ಅದು ಗಂಭೀರ ಸೂಚನೆ. ಮನೆಯಲ್ಲೇ ಅದನ್ನು ಹಿಡಿದರೆ ಬೆಂಗಳೂರಿಗೊಂದು ಪ್ರಯಾಣ ಉಳಿಯುತ್ತದೆ, ಇಳಿದದ್ದು ಬೇಗ ಗೊತ್ತೂ ಆಗುತ್ತದೆ.

ಆದರೆ ಊದುವುದನ್ನು ನೋಡುವವರು ಬೇಕು. ಪೂರ್ತಿ ಉಸಿರೆಳೆಯದೆ ಊದಿದರೆ, ಮಧ್ಯದಲ್ಲೇ ನಿಲ್ಲಿಸಿದರೆ, ತುಟಿ ಸಡಿಲವಿದ್ದರೆ ಮಷಿನ್ ತಪ್ಪು ಅಂಕಿಯನ್ನೇ ಧೈರ್ಯವಾಗಿ ತೋರಿಸುತ್ತದೆ. ಮೊದಲ ಕೆಲವು ಸಲ ವೀಡಿಯೊ ಕಾಲ್‌ನಲ್ಲಿ ಟೆಕ್ನಿಷಿಯನ್ ಮುಂದೆ ಊದಿ. ನಾನು ಹೀಗೆ ಹಲವರಿಗೆ ಮಾಡಿಸಿದ್ದೇನೆ, ಎರಡನೇ ವಾರಕ್ಕೆ ಹೆಚ್ಚಿನವರ ಕೈ ಕುದುರುತ್ತದೆ. ಮನೆಯ ಅಂಕಿಯನ್ನು ಮನೆಯ ಹಿಂದಿನ ಅಂಕಿಯ ಜೊತೆಗೇ ಹೋಲಿಸಬೇಕು, ಆಸ್ಪತ್ರೆಯ ಮಷಿನಿನ ಅಂಕಿಯ ಜೊತೆಗಲ್ಲ. ಮೊದಲ ಸಲ ಕಾಯಿಲೆ ಯಾವುದೆಂದು ಪತ್ತೆ ಮಾಡಲು ಇದನ್ನು ಕೊಳ್ಳುವುದು ನನ್ನ ಪ್ರಕಾರ ದುಡ್ಡು ದಂಡ.

ಇಲ್ಲೇ ಒಂದು ಗೊಂದಲ ಬಿಡಿಸಬೇಕು. ಕೋವಿಡ್ ಕಾಲದಲ್ಲಿ ಮನೆ ಮನೆಗೂ ಬಂದ ಮೂರು ಚೆಂಡಿನ ಸಾಧನದ ಹೆಸರಲ್ಲೂ ಸ್ಪೈರೋಮೀಟರ್ ಎಂದಿದೆ. ಅದು ಉಸಿರು ಎಳೆದುಕೊಳ್ಳುವ ವ್ಯಾಯಾಮಕ್ಕೆ ಮಾತ್ರ. "ಮೂರೂ ಚೆಂಡು ಮೇಲಕ್ಕೆ ಹೋಗ್ತವೆ, ನಂಗೇನೂ ಇಲ್ಲ" ಎಂದು ಟೆಸ್ಟು ಬಿಟ್ಟವರಿದ್ದಾರೆ. ಹತ್ತು ಸೆಕೆಂಡ್ ಉಸಿರು ಹಿಡಿದರೆ ಸೋಂಕಿಲ್ಲ ಎಂಬ ವಾಟ್ಸಾಪ್ ಸಂದೇಶವೂ ಅಷ್ಟೇ ಸುಳ್ಳು.

ಆಕ್ಸಿಮೀಟರ್ ಮತ್ತು ನಡಿಗೆ

ಬೆರಳಿಗೆ ಆಕ್ಸಿಮೀಟರ್ ಹಾಕಿ ಆರು ನಿಮಿಷ ನಡೆಯುವುದು ಎರಡನೇ ಅಲೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಕೂತಾಗ 96 ಇದ್ದದ್ದು ನಡೆದ ಮೇಲೆ 91ಕ್ಕೆ ಇಳಿದರೆ ಅದು ವೈದ್ಯರಿಗೆ ತಕ್ಷಣ ಹೇಳಬೇಕಾದ ವಿಷಯ. ಊದುವುದಿಲ್ಲ, ಕೆಮ್ಮು ಕಡಿಮೆ, ಮನೆಯ ತಾರಸಿ ಸಾಕು. ಕೂತಾಗಲೇ 94ಕ್ಕಿಂತ ಕಡಿಮೆ ಇರುವವರು ನಡೆಯಬಾರದು, ವಯಸ್ಸಾದವರು ಒಬ್ಬರೇ ನಡೆಯಬಾರದು. ಮೆಹಂದಿ, ನೇಲ್ ಪಾಲಿಶ್, ತಣ್ಣಗಾದ ಬೆರಳು ಅಂಕಿ ಕೆಡಿಸುತ್ತವೆ. ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ಹೆಚ್ಚು ತೋರಿಸಬಹುದು ಎಂದು 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತ್ತು. ನಮ್ಮ ಜನರ ಮೈಬಣ್ಣ ನೆನೆದರೆ ಇದು ನಮಗೂ ಹೇಳಿದ ಮಾತೇ. ಅಂಕಿ ಚೆನ್ನಾಗಿದ್ದು ಮನುಷ್ಯ ಏದುಸಿರು ಬಿಡುತ್ತಿದ್ದರೆ ಮನುಷ್ಯನನ್ನು ನಂಬಿ.

ಇದು ಶ್ವಾಸಕೋಶದ ಒಟ್ಟು ಫಲವನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಕಾಯುವ ಕಾಲದಲ್ಲಿ ಕಾವಲಿಗೆ ಒಳ್ಳೆಯದು.

ಆಸಿಲೋಮೆಟ್ರಿ, ಡಿಎಲ್‌ಸಿಒ ಮತ್ತು ಇತರೆ

ಆಸಿಲೋಮೆಟ್ರಿಯಲ್ಲಿ ಜೋರಾಗಿ ಊದುವಂತಿಲ್ಲ. ಕೆನ್ನೆ ಒತ್ತಿ ಹಿಡಿದು ಅರ್ಧ ನಿಮಿಷ ಸುಮ್ಮನೆ ಉಸಿರಾಡಿದರೆ ಸಾಕು, ಮಷಿನ್ ಸಣ್ಣ ಒತ್ತಡದ ಅಲೆ ಕಳಿಸಿ ನಾಳಗಳ ತಡೆಯನ್ನು ಅಳೆಯುತ್ತದೆ. ಐದು ವರ್ಷದ ಮಗುವಿಗೂ, ಊದಲು ಶಕ್ತಿಯಿಲ್ಲದ ವೃದ್ಧರಿಗೂ ಆಗುತ್ತದೆ, ಕೆಮ್ಮೂ ಕಡಿಮೆ. ಸಾಂಕ್ರಾಮಿಕದಲ್ಲಿ ಇದೇ ಎಲ್ಲಕ್ಕೂ ಉತ್ತರ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮಷಿನ್ ದುಬಾರಿ, ಸಿಗುವುದು ದೊಡ್ಡ ಊರುಗಳಲ್ಲಿ, ಫೈಬ್ರೋಸಿಸ್‌ನವರಿಗೆ ಬೇಕಾದ ಉಸಿರಿನ ಒಟ್ಟು ಪ್ರಮಾಣ ಇದರಿಂದ ಗೊತ್ತಾಗುವುದಿಲ್ಲ. ಫಿಲ್ಟರ್ ಇದಕ್ಕೂ ಬೇಕು. ಮಗುವಿಗೆ ಅಸ್ತಮಾ ಅನುಮಾನವಿದ್ದು, ಹತ್ತಿರದಲ್ಲಿ ಈ ಮಷಿನ್ ಇದ್ದರೆ ಮೊದಲ ಆಯ್ಕೆ ಇದೇ ಆಗಲಿ.

ಗಾಳಿಯಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆ ಎಂದು ಅಳೆಯುವ ಡಿಎಲ್‌ಸಿಒದಲ್ಲಿ 10 ಸೆಕೆಂಡ್ ಉಸಿರು ಹಿಡಿಯಬೇಕು. ಕೋವಿಡ್ ಆಗಿ ತಿಂಗಳುಗಳಾದರೂ ದಮ್ಮು ಹೋಗದೆ, ಸ್ಪೈರೋಮೆಟ್ರಿ ಸರಿಯಿದ್ದರೆ ಇದು ಬೇಕಾಗುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಕೂರಿಸುವ ಟೆಸ್ಟು, ಬೇಕೆಂದೇ ನಾಳ ಬಿಗಿಸಿ ನೋಡುವ ಮೆಥಕೋಲಿನ್ ಟೆಸ್ಟು ಅಲೆ ಇಳಿದ ಮೇಲೇ ಇರಲಿ.

ಹಾಗಾದರೆ ಯಾರಿಗೆ ಯಾವುದು

ಫೋನಿನಲ್ಲಿ ಕೇಳಿದ ಆ ಮೂವರಿಗೆ ಬರುತ್ತೇನೆ. ಅಸ್ತಮಾದ ಹುಡುಗಿಗೆ ಕಾಯಿಲೆ ಗೊತ್ತಿದೆ, ಪಂಪು ಹೊಂದಿಕೊಂಡಿದೆ. ಅವಳ ತಾಯಿಗೆ "ಬರಬೇಡಿ, ಪೀಕ್ ಫ್ಲೋ ಮೀಟರ್ ತಗೊಂಡು ಡೈರಿ ಬರೀರಿ" ಎಂದೆ. ಫೈಬ್ರೋಸಿಸ್‌ನ ತಂದೆಯವರಿಗೆ ಅಂಕಿ ನೋಡಿಯೇ ಔಷಧಿ ನಿರ್ಧಾರವಾಗಬೇಕಿತ್ತು. "ಬನ್ನಿ, ದಿನದ ಮೊದಲ ಸ್ಲಾಟ್ ಕೊಡ್ತೀನಿ" ಎಂದೆ. ರಾತ್ರಿಯಿಡೀ ಖಾಲಿಯಿದ್ದ ರೂಮು ಬೆಳಿಗ್ಗೆ ಅತಿ ಶುದ್ಧ. ಆಮೇಲೆ ಮನೆಯ ಸ್ಪೈರೋಮೀಟರ್ ಕೊಂಡರು, ಅವರಿಗೆ ಆ ದುಡ್ಡು ಸಾರ್ಥಕ. ಶ್ವಾಸಕೋಶದ ಗಡ್ಡೆ ತೆಗೆಯುವ ಆಪರೇಷನ್ ಇರುವವರೂ ಇದೇ ಸಾಲಿನವರು, ಮುಂದೂಡುವಂತಿಲ್ಲ.

ಅಜ್ಜಿಯ ವಿಷಯ ಕಷ್ಟದ್ದು. ಹಳ್ಳಿಯಿಂದ ಬರಬೇಕು, ವಯಸ್ಸು ಎಪ್ಪತ್ತು ದಾಟಿದೆ, ಸೋಂಕು ತಗುಲಿದರೆ ತಡೆಯುವ ಶಕ್ತಿಯಿಲ್ಲ. ಆದರೆ ಅವರಿಗೆ ಒಮ್ಮೆಯೂ ಟೆಸ್ಟ್ ಆಗಿಲ್ಲ. ನಮ್ಮ ವೈದ್ಯರು ಫೋನಿನಲ್ಲೇ ವಿಚಾರಿಸಿ, ಊರಿನ ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ, ಕಫದ ಪರೀಕ್ಷೆ ಮಾಡಿಸಿ, ಇನ್‌ಹೇಲರ್ ಶುರು ಮಾಡಿಸಿದರು. ಮನೆಯವರು ಆಕ್ಸಿಮೀಟರ್ ನೋಡಿಕೊಂಡರು. ಊದಿಸಲು ಆರು ವಾರದಾಚೆಗೆ ತಾರೀಕು ಬರೆದೆವು, ಆ ತಾರೀಕಿಗೆ ಅವರು ಬಂದರು.

ನೀವೂ ಹೊರಡುವುದೆಂದು ತೀರ್ಮಾನಿಸಿದರೆ ಮುಂಚೆ ಲ್ಯಾಬಿಗೆ ಫೋನ್ ಮಾಡಿ ನಾಲ್ಕು ಮಾತು ಕೇಳಿ. ಒಬ್ಬೊಬ್ಬರಿಗೂ ಹೊಸ ವೈರಸ್ ಫಿಲ್ಟರ್ ಹಾಕ್ತೀರಾ? ಒಬ್ಬರಿಗೂ ಇನ್ನೊಬ್ಬರಿಗೂ ಎಷ್ಟು ಹೊತ್ತು ಬಿಡ್ತೀರಾ? ರೂಮಿಗೆ ತೆರೆದ ಕಿಟಕಿಯೋ ಎಕ್ಸಾಸ್ಟ್ ಫ್ಯಾನೋ ಇದೆಯಾ? ನನ್ನದೇ ಪಂಪು, ಸ್ಪೇಸರ್ ತರಬಹುದಾ? ಫಿಲ್ಟರಿನ ಪ್ರಶ್ನೆಗೆ "ಮಷಿನ್ ಸ್ಯಾನಿಟೈಸ್ ಮಾಡ್ತೀವಿ, ಏನೂ ಆಗಲ್ಲ" ಎಂಬ ಉತ್ತರ ಬಂದರೆ ಫೋನ್ ಇಟ್ಟು ಇನ್ನೊಂದು ಲ್ಯಾಬಿನ ನಂಬರ್ ಹುಡುಕಿ.